ರೈಡಿಗೆ ಹೋಗದ ಹೀರೊ: ದುಡ್ಡು ಕಡಿಮೆಯಾದಾಗ ಕ್ರೀಡಾ ಸಿನಿಮಾ ಎಲ್ಲಿ ಸೋಲುತ್ತದೆ?

ಕಬಡ್ಡಿ ಆಡುವವರನ್ನೇ ಕೂರಿಸಿ ಕಬಡ್ಡಿ ಸಿನಿಮಾ ತೋರಿಸಿದರೆ ಏನಾಗುತ್ತದೆ? ನಾವು ಅದನ್ನು ಕಣ್ಣಾರೆ ಕಂಡೆವು.

ಮಂಡ್ಯ ಕಡೆಯ ಒಂದು ಊರಿನಲ್ಲಿ ಗಣೇಶನ ಹಬ್ಬಕ್ಕೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇಟ್ಟಿದ್ದರು. ವರದಿ ಮಾಡಲು ನಾವು ಮೂವರು ಹೋಗಿದ್ದೆವು. ರಾತ್ರಿ ಎಂಟಕ್ಕೆ ಮಳೆ ಹಿಡಿಯಿತು. ಅಂಕಣ ಕೆಸರಾಯಿತು, ಪಂದ್ಯ ಮರುದಿನಕ್ಕೆ ಹೋಯಿತು. ಹೊರಗಿನಿಂದ ಬಂದ ತಂಡಗಳೆಲ್ಲ ಶಾಲೆಯ ಕೋಣೆಯಲ್ಲಿ ಸೇರಿದವು. ಅಲ್ಲಿದ್ದ ಟಿವಿಗೆ ಒಬ್ಬ ಹುಡುಗ ತನ್ನ ಮೊಬೈಲ್ ಜೋಡಿಸಿ ಒಂದು ಕಬಡ್ಡಿ ಸಿನಿಮಾ ಹಾಕಿದ.

ಮೊದಲ ಅರ್ಧ ಗಂಟೆ ಯಾರೂ ತುಟಿ ಬಿಚ್ಚಲಿಲ್ಲ. ಕಥೆ ಅಷ್ಟು ಚೆನ್ನಾಗಿತ್ತು. ಆಲೆಮನೆಯಲ್ಲಿ ಕೂಲಿ ಮಾಡುವ ಹುಡುಗ. ಕೊಪ್ಪರಿಗೆಯ ಮುಂದೆ ದುಡಿದು ಗಟ್ಟಿಯಾದ ಮೈ. ಮೇಲಿನ ಬೀದಿಯವರು ಕೆಳಗಿನ ಬೀದಿಯವರನ್ನು ತಂಡಕ್ಕೆ ಸೇರಿಸಿಕೊಳ್ಳದ ಊರು. ಮಗ ಆಟಕ್ಕೆ ಹೋದ ದಿನ ಕೂಲಿ ಹೋಗುತ್ತದಲ್ಲ ಎಂದು ಬೈಯುವ ತಾಯಿ. ನಮ್ಮ ಪಕ್ಕದಲ್ಲಿ ಕೂತವನು ಒಮ್ಮೆ ಕಣ್ಣೊರೆಸಿಕೊಂಡ.

ಆಮೇಲೆ ಮೊದಲ ಪಂದ್ಯ ಬಂತು. ಎರಡೇ ನಿಮಿಷದಲ್ಲಿ ಕೋಣೆಯಲ್ಲಿ ನಗು ಶುರುವಾಯಿತು. ಹಿಂದೆ ಜಿಲ್ಲಾ ತಂಡಕ್ಕೆ ಆಡಿದ್ದ, ಈಗ ಊರಿನ ಹುಡುಗರಿಗೆ ಆಟ ಕಲಿಸುವ ಹಿರಿಯರೊಬ್ಬರು ಗೋಡೆಗೆ ಒರಗಿಕೊಂಡೇ ಹೇಳಿದರು: “ಅವನು ರೈಡಿಗೆ ಹೋಯ್ತಾ ಇಲ್ಲ ಕಣ್ರಪ್ಪ, ಕ್ಯಾಮೆರಾಕ್ಕೆ ಹೋಯ್ತಾವ್ನೆ.”

ಫೈನಲ್ ಪಂದ್ಯದ ಹೊತ್ತಿಗೆ ಅರ್ಧ ಜನ ನಿದ್ದೆ ಹೋಗಿದ್ದರು. ಉಳಿದವರು ತಮ್ಮ ತಮ್ಮ ಮೊಬೈಲಿನಲ್ಲಿ ಪ್ರೊ ಕಬಡ್ಡಿಯ ಹಳೆಯ ತುಣುಕು ನೋಡುತ್ತಿದ್ದರು.

ಆ ಸಿನಿಮಾದ ಹೆಸರು ಇಲ್ಲಿ ಬೇಡ. ಮಾಡಿದವರು ಕೈಯಲ್ಲಿ ಕಾಸಿಲ್ಲದೆ ಮಾಡಿದ್ದಾರೆ ಎಂಬುದು ಪ್ರತಿ ದೃಶ್ಯದಲ್ಲೂ ಕಾಣುತ್ತಿತ್ತು. ಅವರ ಆಸೆ ಸುಳ್ಳಲ್ಲ. ಆದರೆ ಅಂಥ ಒಳ್ಳೆಯ ಕಥೆ ಹೀಗೆ ಹಾಳಾಯಿತಲ್ಲ ಎಂಬ ಸಂಕಟ ನಮ್ಮನ್ನು ಬಿಡಲಿಲ್ಲ. ಆ ಸಂಕಟದಿಂದಲೇ ಈ ಬರಹ.

ನಮ್ಮ ಅಭಿಪ್ರಾಯ ಇಷ್ಟು: ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಕ್ರೀಡಾ ಸಿನಿಮಾ ಮಾಡಬಹುದು. ಆದರೆ ಇರುವ ಚೂರು ದುಡ್ಡಿನಲ್ಲಿ ಮೊದಲು ಆಟದ ಪಾಲನ್ನೇ ಕತ್ತರಿಸಿದರೆ ಸಿನಿಮಾ ಉಳಿಯುವುದಿಲ್ಲ. ಹಾಗೆ ಕತ್ತರಿಸಿದ ಖರ್ಚು ಮಾಯವೂ ಆಗುವುದಿಲ್ಲ. ಅದು ಊರಿನ ಆಟಗಾರರ ಮೈಮೇಲೆ ಬಂದು ಕೂರುತ್ತದೆ.

ನಗು ಬಂದಿದ್ದು ಯಾಕೆ?

ಮರುದಿನ ಆ ಸಿನಿಮಾದ ಪಂದ್ಯಗಳನ್ನಷ್ಟೇ ನಾವು ಇನ್ನೊಮ್ಮೆ ನೋಡಿದೆವು. ಹುಡುಗರು ನಕ್ಕ ಜಾಗಗಳನ್ನೆಲ್ಲ ಬರೆದುಕೊಂಡೆವು.

ಹೀರೊ ಎದುರಾಳಿಯ ಅಂಕಣಕ್ಕೆ ಹೋಗುತ್ತಾನೆ. ಯಾರನ್ನೂ ಮುಟ್ಟುವುದಿಲ್ಲ, ಬಾಕ್ ಲೈನ್ ದಾಟುವುದಿಲ್ಲ, ತಿರುಗಿ ಬರುತ್ತಾನೆ. ನಿಯಮದ ಪ್ರಕಾರ ಅವನು ಔಟ್. ಸಿನಿಮಾದಲ್ಲಿ ಅವನಿಗೆ ಚಪ್ಪಾಳೆ.

ಇಬ್ಬರು ಔಟಾಗಿ ಹೊರಗೆ ಹೋಗುತ್ತಾರೆ. ಮುಂದಿನ ದೃಶ್ಯದಲ್ಲಿ ಎದುರಿಗೆ ಮತ್ತೆ ಏಳು ಜನ ನಿಂತಿರುತ್ತಾರೆ.

ಎದುರಾಳಿ ತಂಡದವರು ದಷ್ಟಪುಷ್ಟ ಫೈಟರುಗಳು. ಹೊಡೆತ ತಿಂದು ಹಾರಿ ಬೀಳುವುದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಕಾರ್ನರ್‌ನಲ್ಲಿ ನಿಂತವನು ಎಲ್ಲಿ ನೋಡಬೇಕು, ಕಾಲು ಎಲ್ಲಿಡಬೇಕು, ಆಂಕಲ್ ಹಿಡಿಯಲು ಯಾವಾಗ ಬಗ್ಗಬೇಕು ಎಂಬುದು ಗೊತ್ತಿಲ್ಲ. ಚೈನ್ ಹಿಡಿದು ನಿಂತವರು ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದಾರೆ.

ಊರಿನ ಪಂದ್ಯಕ್ಕೂ ಜಿಲ್ಲಾ ಪಂದ್ಯಕ್ಕೂ ರಾಜ್ಯ ಮಟ್ಟದ ಫೈನಲ್‌ಗೂ ಅದೇ ನಲವತ್ತು ಜನ ಪ್ರೇಕ್ಷಕರು. ಹಳದಿ ಟವೆಲ್ ಹಾಕಿಕೊಂಡ ಅಜ್ಜ ಮೂರೂ ಕಡೆ ಮೊದಲ ಸಾಲಿನಲ್ಲೇ ಕೂತಿದ್ದಾರೆ. ಹುಡುಗರು ಆ ಅಜ್ಜನಿಗೆ ‘ಸೆಲೆಕ್ಷನ್ ಕಮಿಟಿ’ ಅಂತ ಹೆಸರಿಟ್ಟರು.

ಇನ್ನು ಆಟವೇ ಕಾಣುವುದಿಲ್ಲ. ಒಂದು ರೈಡಿಗೆ 30 ಸೆಕೆಂಡ್ ಸಮಯ. ಆ ಸಿನಿಮಾದಲ್ಲಿ ಮೂರು ಸೆಕೆಂಡ್ ಪೂರ್ತಿ ನಿಲ್ಲುವ ದೃಶ್ಯವನ್ನು ಹುಡುಕಿದೆವು, ಸಿಗಲಿಲ್ಲ. ಮುಖ, ಕಾಲು, ಧೂಳು, ಕಿರುಚುವ ಬಾಯಿ, ಮತ್ತೆ ಮುಖ. ಏನಾಯಿತು ಎಂದು ಹೇಳುವ ಕೆಲಸವನ್ನೆಲ್ಲ ಕಾಮೆಂಟರಿಯವನ ಬಾಯಿಗೆ ಬಿಟ್ಟಿದ್ದಾರೆ. “ಏನು ಅದ್ಭುತ ರೈಡ್!” ಎಂದು ಅವನು ಕೂಗುತ್ತಾನೆ. ನಾವು ನೋಡಿದ್ದು ಹಾರಿದ ಮಣ್ಣು ಮಾತ್ರ.

ದುಡ್ಡು ಎಲ್ಲಿಗೆ ಹೋಗುತ್ತದೆ?

ಮಾಮೂಲಿ ಫೈಟ್ ಸೀನಿಗೆ ನಿಯಮವಿಲ್ಲ. ಹೀರೊ ಒಂದು ಏಟು ಕೊಟ್ಟರೆ ಹತ್ತು ಜನ ಹಾರಿಬಿದ್ದರೂ ನಾವು ಶಿಳ್ಳೆ ಹೊಡೆಯುತ್ತೇವೆ. ಅದು ಹಾಗೇ ಎಂದು ಮೊದಲೇ ಒಪ್ಪಿಕೊಂಡಿರುತ್ತೇವೆ. ಕ್ರೀಡೆಯ ಫೈಟು ಹಾಗಲ್ಲ. ಅದಕ್ಕೆ ಗೆರೆ ಇದೆ, ಸಮಯ ಇದೆ, ಅಂಕ ಇದೆ. ಅದನ್ನೆಲ್ಲ ಬಲ್ಲ ಜನ ಊರೂರಲ್ಲಿ ಇದ್ದಾರೆ. ಹಾಗಾಗಿ ಅದೇ ಐದು ನಿಮಿಷದ ದೃಶ್ಯಕ್ಕೆ ಕ್ರೀಡಾ ಸಿನಿಮಾದಲ್ಲಿ ಹೆಚ್ಚು ಖರ್ಚು ಬೀಳುತ್ತದೆ.

ಮೊದಲನೆಯದು ಅಭ್ಯಾಸದ ಖರ್ಚು. ನಟ ನಾಲ್ಕೈದು ತಿಂಗಳು ಆಟ ಕಲಿಯಬೇಕೆಂದರೆ ಅಷ್ಟೂ ದಿನ ಅವನು ಬೇರೆ ಕೆಲಸ ಒಪ್ಪಿಕೊಳ್ಳುವಂತಿಲ್ಲ. ಅವನ ಮನೆ ನಡೆಯಬೇಕು, ಕೋಚ್‌ಗೆ ಸಂಬಳ ಕೊಡಬೇಕು, ಜೊತೆಗೆ ಆಡುವ ಹುಡುಗರಿಗೆ ಊಟ ಹಾಕಬೇಕು. ಈ ಖರ್ಚು ಪರದೆಯ ಮೇಲೆ ನೇರವಾಗಿ ಕಾಣುವುದಿಲ್ಲ. ಅದಕ್ಕೇ ನಿರ್ಮಾಪಕರು ಮೊದಲು ಕತ್ತರಿ ಹಾಕುವುದು ಇದಕ್ಕೆ.

ಎರಡನೆಯದು ದಿನಗಳ ಖರ್ಚು. ಒಂದು ರೈಡನ್ನು ಸರಿಯಾಗಿ ತೋರಿಸಬೇಕೆಂದರೆ ದೂರದಿಂದ ಒಮ್ಮೆ, ರೈಡರ್‌ನ ಮುಖಕ್ಕೆ ಒಮ್ಮೆ, ಹಿಡಿಯುವವನ ಕಾಲಿಗೆ ಒಮ್ಮೆ, ಗೆರೆ ಮುಟ್ಟುವ ಬೆರಳಿಗೆ ಒಮ್ಮೆ, ಅಂಪೈರ್‌ಗೆ ಒಮ್ಮೆ ಕ್ಯಾಮೆರಾ ಇಡಬೇಕು. ಪ್ರತಿ ಸಲ ಎಲ್ಲರೂ ಮೊದಲು ನಿಂತ ಜಾಗದಲ್ಲೇ ನಿಲ್ಲಬೇಕು. ಮೈಮೇಲಿನ ಮಣ್ಣು, ಬೆವರು ಹಾಗೇ ಇರಬೇಕು. ಬಿಸಿಲು ಸರಿದರೆ ಲೈಟ್ ಬದಲಾಯಿಸಬೇಕು. ಹೀಗೆ ಮಾಡಿದರೆ ದಿನಕ್ಕೆ ಕೆಲವೇ ರೈಡ್ ಮುಗಿಯುತ್ತವೆ. ಬಜೆಟ್ ಇಲ್ಲದವರು ಒಂದೇ ಮಧ್ಯಾಹ್ನ ಇಡೀ ಫೈನಲ್ ಮುಗಿಸಲು ಹೊರಡುತ್ತಾರೆ.

ಮೂರನೆಯದು ಜನರ ಖರ್ಚು. ಒಂದು ಅಂದಾಜು ಲೆಕ್ಕ ಹಾಕೋಣ. 500 ಜನ ಪ್ರೇಕ್ಷಕರು ಬೇಕು. ತಲೆಗೆ 500 ರೂಪಾಯಿ ಕೂಲಿ ಎಂದರೆ ದಿನಕ್ಕೆ 2.5 ಲಕ್ಷ. ಊಟ, ತಿಂಡಿ, ನೀರಿಗೆ ತಲೆಗೆ 150 ಎಂದರೆ ಇನ್ನೂ 75 ಸಾವಿರ. ಐದು ದಿನ ಚಿತ್ರೀಕರಣ ಮಾಡಿದರೆ 16 ಲಕ್ಷ ದಾಟಿತು. ಬಸ್ ಬಾಡಿಗೆ ಇನ್ನೂ ಸೇರಿಸಿಲ್ಲ. ಸಣ್ಣ ಸಿನಿಮಾದವರಿಗೆ ಇದು ದೊಡ್ಡ ಮೊತ್ತ. ಆಗ 500 ಹೋಗಿ 40 ಆಗುತ್ತದೆ, ಹಳದಿ ಟವೆಲ್ಲಿನ ಅಜ್ಜ ಮೂರು ಫೈನಲ್ ನೋಡಬೇಕಾಗುತ್ತದೆ.

ಜನ ಸೇರಿಸುವುದು ದೊಡ್ಡವರಿಗೂ ಸುಲಭವಲ್ಲ. 2001ರಲ್ಲಿ ಬಂದ ‘ಲಗಾನ್’ ನೆನಪಿದೆಯಲ್ಲ? ಗುಜರಾತಿನ ಭುಜ್ ಹತ್ತಿರ ಅದರ ಕ್ರಿಕೆಟ್ ಪಂದ್ಯವನ್ನು ಚಿತ್ರೀಕರಿಸುವಾಗ ಸುತ್ತಲ ಹಳ್ಳಿಗಳಿಂದ ಸುಮಾರು 10,000 ಜನರನ್ನು ಕರೆತಂದಿದ್ದರು. ಬಿಸಿಲಿನಲ್ಲಿ ಕೂತ ಅಷ್ಟು ಜನರನ್ನು ಹುರಿದುಂಬಿಸಿ ಕೂಗಿಸಲು ಆಮಿರ್ ಖಾನ್ ತಮ್ಮ ಹಳೆಯ ಸಿನಿಮಾದ ಹಾಡು ಹಾಡಬೇಕಾಯಿತು. ಆ ಜನಸಾಗರ ಕಾಣದಿದ್ದರೆ ಕೊನೆಯ ಚೆಂಡಿಗೆ ನಮ್ಮ ಎದೆ ಅಷ್ಟು ಹೊಡೆದುಕೊಳ್ಳುತ್ತಿರಲಿಲ್ಲ.

ನಾಲ್ಕನೆಯದು ಸುರಕ್ಷತೆಯ ಖರ್ಚು. ಮ್ಯಾಟ್, ವೈದ್ಯರು, ವಾಹನ, ವಿಮೆ. ಇದಕ್ಕೆ ಆಮೇಲೆ ಬರುತ್ತೇವೆ.

ಜೇಬಿನಲ್ಲೇ ಇರುವ ಪೈಪೋಟಿ

ಇಪ್ಪತ್ತು ವರ್ಷದ ಹಿಂದೆ ಆಗಿದ್ದರೆ ಇದೆಲ್ಲ ನಡೆದುಹೋಗುತ್ತಿತ್ತೇನೋ. ಪರದೆಯ ಮೇಲೆ ನಮ್ಮ ಆಟ ಬಂತಲ್ಲ ಎಂಬುದೇ ಆಗ ಹೆಚ್ಚು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ನೋಡುವ ಕಣ್ಣೇ ಬದಲಾಗಿದೆ. ಒಂದೇ ಟ್ಯಾಕಲ್ ಅನ್ನು ಮೂರು ಕಡೆಯಿಂದ, ನಿಧಾನವಾಗಿ, ಬೆರಳು ಗೆರೆಗೆ ತಾಗಿತೋ ಇಲ್ಲವೋ ಎಂಬಷ್ಟು ಹತ್ತಿರದಿಂದ ನೋಡುವುದು ನಮಗೆ ಅಭ್ಯಾಸವಾಗಿದೆ.

2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಫೈನಲ್ ಗೆದ್ದ ರಾತ್ರಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಆ ರೈಡ್‌ಗಳು ಇವತ್ತಿಗೂ ನಮ್ಮ ಊರಿನ ಹುಡುಗರ ಮೊಬೈಲಿನಲ್ಲಿ ಓಡುತ್ತಿವೆ. ಸಿನಿಮಾದ ಹೀರೊ ಪೈಪೋಟಿ ಮಾಡಬೇಕಾಗಿರುವುದು ಆ ಪವನ್ ಜೊತೆ. ಅಲ್ಲಿ ಪುಕ್ಕಟೆ ಸಿಗುವುದಕ್ಕಿಂತ ಕಳಪೆಯಾದದ್ದನ್ನು ಟಿಕೆಟ್ ಕೊಟ್ಟು ಯಾರು ನೋಡುತ್ತಾರೆ?

ಆದರೆ ಪ್ರೊ ಕಬಡ್ಡಿಯ ಕ್ಯಾಮೆರಾ ತೋರಿಸಲಾಗದ್ದು ಸಿನಿಮಾದ ಕೈಯಲ್ಲಿ ಇದೆ. ಆಲೆಮನೆ, ಬೈಯುವ ತಾಯಿ, ಎರಡು ಬೀದಿಯ ನಡುವಿನ ಗೋಡೆ. ಆ ರಾತ್ರಿ ಅರ್ಧ ಗಂಟೆ ನಮ್ಮನ್ನು ಹಿಡಿದಿಟ್ಟಿದ್ದು ಅದೇ. ಪಂದ್ಯ ನಿಜವೆನಿಸಿದ್ದರೆ ಆ ಗೋಡೆ ಬೀಳುವುದನ್ನೂ ನಂಬುತ್ತಿದ್ದೆವು. ಪಂದ್ಯ ಸುಳ್ಳಾದಾಗ ಹಿಂದಿನ ಅರ್ಧ ಗಂಟೆಯ ಮೇಲಿದ್ದ ನಂಬಿಕೆಯೂ ಹೋಯಿತು. ಆಡಲು ಬಾರದವನು ಗೆದ್ದು ಜಾತಿಯ ಗೋಡೆ ಒಡೆದ ಎಂದರೆ ಯಾರು ಒಪ್ಪುತ್ತಾರೆ?

ಬಡತನವನ್ನೇ ಬಂಡವಾಳ ಮಾಡಿದವರು

ಹಾಗಾದರೆ ಕೋಟಿಗಟ್ಟಲೆ ಇಲ್ಲದವರು ಕ್ರೀಡೆಯ ಸಿನಿಮಾ ಮಾಡಲೇಬಾರದೇ? ಮಾಡಬಹುದು. ಮಾಡಿ ತೋರಿಸಿದವರು ಇದ್ದಾರೆ.

1976ರ ‘ರಾಕಿ’ ಎಂಬ ಅಮೆರಿಕದ ಬಾಕ್ಸಿಂಗ್ ಸಿನಿಮಾವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಬರೆದವರೂ ಹೀರೊ ಆದವರೂ ಸಿಲ್ವೆಸ್ಟರ್ ಸ್ಟಲೋನ್. ಆಗ ಅವರು ಕೆಲಸವಿಲ್ಲದೆ ಒದ್ದಾಡುತ್ತಿದ್ದ ನಟ. ಕಥೆಗೆ ಒಳ್ಳೆಯ ಬೆಲೆ ಕೊಡಲು ಬಂದವರಿಗೆ, ಹೀರೊ ನಾನೇ ಆಗಬೇಕು ಎಂದು ಪಟ್ಟು ಹಿಡಿದರು. ಕೊನೆಗೆ ಸುಮಾರು 10 ಲಕ್ಷ ಡಾಲರ್‌ನಲ್ಲಿ, 28 ದಿನದಲ್ಲಿ ಚಿತ್ರೀಕರಣ ಮುಗಿಸಿದರು. ಹಾಲಿವುಡ್ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು.

ಆ ಕೊರತೆಯನ್ನು ಅವರು ನಿಭಾಯಿಸಿದ ರೀತಿ ನೋಡಿ. ಹಿಮದ ಮೇಲೆ ಜಾರುವ ಅಂಗಳದಲ್ಲಿ ಹೀರೊ ಹೀರೊಯಿನ್ ಸುತ್ತಾಡುವ ದೃಶ್ಯ ಇತ್ತು. ಸುತ್ತ ನೂರಾರು ಜನ ಇರಬೇಕೆಂದು ಬರೆದಿದ್ದರು. ಅಷ್ಟು ಜನರಿಗೆ ಕೂಲಿ ಕೊಡಲು ದುಡ್ಡಿರಲಿಲ್ಲ. ದೃಶ್ಯವನ್ನೇ ಬದಲಾಯಿಸಿದರು: ಅಂಗಳ ಮುಚ್ಚಿದೆ, ರಾಕಿ ಕಾವಲಿನವನಿಗೆ ಕಾಸು ಕೊಟ್ಟು ಹತ್ತು ನಿಮಿಷ ಬಿಡಿಸಿಕೊಳ್ಳುತ್ತಾನೆ, ಖಾಲಿ ಅಂಗಳದಲ್ಲಿ ಇಬ್ಬರೇ. ಇಡೀ ಸಿನಿಮಾದಲ್ಲಿ ಜನ ಬಹಳ ನೆನೆಯುವ ದೃಶ್ಯಗಳಲ್ಲಿ ಅದೂ ಒಂದು.

ಫೈಟಿನ ದಿನ ಹೀರೊಗೆ ಬಂದ ಗೌನು ಅಳತೆ ಮೀರಿ ದೊಡ್ಡದಾಗಿತ್ತು. ದೊಡ್ಡ ಪೋಸ್ಟರಿನಲ್ಲಿ ಅವನ ಚಡ್ಡಿಯ ಬಣ್ಣ ತಪ್ಪಾಗಿತ್ತು. ಹೊಸದು ಮಾಡಿಸಲು ಹಣವಿಲ್ಲ. “ಈ ಗೌನು ನನಗೆ ದೊಡ್ಡದಾಯಿತು ಅಲ್ಲವೇ”, “ಪೋಸ್ಟರಿನಲ್ಲಿ ಬಣ್ಣ ತಪ್ಪಾಗಿದೆ” ಎಂಬಂಥ ಮಾತುಗಳನ್ನು ರಾಕಿಯ ಬಾಯಲ್ಲೇ ಹಾಕಿದರು. ಅವನು ಯಾರೂ ಲೆಕ್ಕಕ್ಕಿಡದ ಬಡ ಬಾಕ್ಸರ್ ಎಂಬುದು ಅದರಿಂದ ಇನ್ನಷ್ಟು ಗಟ್ಟಿಯಾಯಿತು.

ಅವರು ಉಳಿಸದೇ ಇದ್ದದ್ದು ಏನು? ಅಭ್ಯಾಸ. ಕೊನೆಯ ಫೈಟಿನ ಏಟುಗಳನ್ನು ಸ್ಟಲೋನ್ ಒಂದೊಂದಾಗಿ ಬರೆದಿಟ್ಟಿದ್ದರು. ಎದುರಾಳಿಯಾಗಿದ್ದ ಕಾರ್ಲ್ ವೆದರ್ಸ್ ಜೊತೆ ಕುಣಿತ ಕಲಿಯುವ ಹಾಗೆ ಅದನ್ನು ಮತ್ತೆ ಮತ್ತೆ ತಾಲೀಮು ಮಾಡಿದರು. ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ‘ರಾಕಿ’ಗೆ ಬಂತು. ಜನರ ಖರ್ಚು, ಬಟ್ಟೆಯ ಖರ್ಚು ಕತ್ತರಿಸಿದರು, ಆಟವನ್ನು ಮುಟ್ಟಲಿಲ್ಲ.

ನಮ್ಮ ದೇಶದಲ್ಲೂ ಉದಾಹರಣೆ ಇದೆ. 2018ರಲ್ಲಿ ಬಂದ ಹಿಂದಿಯ ‘ಮುಕ್ಕಾಬಾಜ್’. ಅದರ ಕಥೆಯಲ್ಲಿ ಪಾಲಿದ್ದ ನಟ ವಿನೀತ್ ಕುಮಾರ್ ಸಿಂಗ್ ಹೀರೊ ತಾನೇ ಆಗಬೇಕು ಎಂದರು. ಹಾಗಾದರೆ ಮೊದಲು ಬಾಕ್ಸರ್ ಆಗಿ ಬಾ ಎಂದರು ನಿರ್ದೇಶಕ ಅನುರಾಗ್ ಕಶ್ಯಪ್. ವಿನೀತ್ ಪಟಿಯಾಲಾಕ್ಕೆ ಹೋಗಿ ನಿಜವಾದ ಬಾಕ್ಸರ್‌ಗಳ ಜೊತೆ ತಿಂಗಳುಗಟ್ಟಲೆ ಏಟು ತಿಂದು ಕಲಿತರು. ರಿಂಗಿನಲ್ಲಿ ಎದುರಾಳಿಯಾಗಿ ನೀರಜ್ ಗೋಯತ್ ಅವರಂಥ ನಿಜವಾದ ಬಾಕ್ಸರ್ ನಿಂತರು. ದೊಡ್ಡ ಹೆಸರಿನ ಹೀರೊ ಇಲ್ಲ, ಅದ್ದೂರಿ ಸೆಟ್ ಇಲ್ಲ. ಆದರೂ ಬಾಕ್ಸಿಂಗ್ ನೋಡುವಾಗ ಅನುಮಾನ ಬರುವುದಿಲ್ಲ.

2009ರ ತಮಿಳಿನ ‘ವೆಣ್ಣಿಲಾ ಕಬಡಿ ಕುಳು’ ನಿರ್ದೇಶಕ ಸುಸೀಂದ್ರನ್ ಅವರ ಮೊದಲ ಸಿನಿಮಾ, ಹೀರೊ ವಿಷ್ಣು ವಿಶಾಲ್‌ಗೂ ಮೊದಲನೆಯದು. ಹಳ್ಳಿಯ ಸೋಲುವ ತಂಡವೊಂದರ ಕಥೆ. ಹೊಸಬರೇ ತುಂಬಿದ್ದ ಆ ಚಿತ್ರ ಗೆದ್ದು ತೆಲುಗಿಗೂ ಹೋಯಿತು. ಅಲ್ಲಿ ಹುಡುಗರು ಸೂಪರ್ ಹೀರೊಗಳಾಗಲು ಹೋಗಲಿಲ್ಲ, ಊರಿನ ಹುಡುಗರಾಗಿಯೇ ಆಡಿದರು.

ನಮ್ಮ ‘ಕಾಂತಾರ’ ಪೂರ್ತಿ ಕ್ರೀಡೆಯ ಸಿನಿಮಾ ಅಲ್ಲ. ಆದರೆ 2022ರಲ್ಲಿ ಅದರ ಕಂಬಳದ ದೃಶ್ಯ ನೋಡಿ ಕರಾವಳಿಯ ಜನ ನಗಲಿಲ್ಲ, ಎದ್ದು ಕೂತರು. ರಿಷಬ್ ಶೆಟ್ಟಿ ಮೊದಲೇ ಅಭ್ಯಾಸ ಮಾಡಿ ತಾವೇ ಕೋಣಗಳ ಹಿಂದೆ ಓಡಿದ್ದರು. ಚಿತ್ರೀಕರಣ ನಡೆದದ್ದು ಅವರದೇ ಊರಾದ ಕೆರಾಡಿಯ ಕಡೆ. ಆ ಸಿನಿಮಾದ ಬಜೆಟ್ ಸುಮಾರು 16 ಕೋಟಿ ಎಂದು ಆಗ ವರದಿಯಾಗಿತ್ತು. ಇವತ್ತಿನ ದೊಡ್ಡ ಚಿತ್ರಗಳ ಮುಂದೆ ಅದು ದೊಡ್ಡ ಮೊತ್ತವಲ್ಲ.

ತಿರುಗುಮುರುಗಾದ ಉದಾಹರಣೆಯೂ ಒಂದಿದೆ. ಇಂಗ್ಲಿಷಿನ ‘ಗೋಲ್’ ಎಂಬ ಫುಟ್‌ಬಾಲ್ ಸಿನಿಮಾ ಮೂರು ಭಾಗಗಳಲ್ಲಿ ಬಂತು. 2005ರ ಮೊದಲ ಭಾಗಕ್ಕೆ ಫಿಫಾದ ಸಹಕಾರವಿತ್ತು. ನ್ಯೂಕ್ಯಾಸಲ್ ತಂಡದ ನಿಜವಾದ ಕ್ರೀಡಾಂಗಣ, ನಿಜವಾದ ಆಟಗಾರರು ಕಾಣಿಸಿಕೊಂಡರು. ಬಡ ವಲಸಿಗ ಹುಡುಗನೊಬ್ಬ ದೊಡ್ಡ ತಂಡ ಸೇರುವ ಕಥೆ ಜನರಿಗೆ ಹಿಡಿಸಿತು. ಎರಡನೆಯದರಲ್ಲಿ ಅವನು ರಿಯಲ್ ಮ್ಯಾಡ್ರಿಡ್‌ಗೆ ಹೋದ. ಮೂರನೆಯದು ವಿಶ್ವಕಪ್ಪಿನ ಕಥೆ, ಅಂದರೆ ಎಲ್ಲಕ್ಕಿಂತ ದೊಡ್ಡದಾಗಬೇಕಿದ್ದದ್ದು. ಅದೇ ಎಲ್ಲಕ್ಕಿಂತ ಚಿಕ್ಕದಾಯಿತು. ಎರಡು ಭಾಗ ನಾವು ಹಿಂಬಾಲಿಸಿದ ಹುಡುಗನನ್ನು ಮೂಲೆಗೆ ತಳ್ಳಿದರು. 2009ರಲ್ಲಿ ಅದು ಥಿಯೇಟರಿಗೂ ಬರದೆ ನೇರ ಡಿವಿಡಿ ಆಗಿ ಹೋಯಿತು. ಕಥೆಯ ಆಸೆ ದೊಡ್ಡದಾಗುತ್ತಾ ಹೋಗಿ ಕೈಯ ಬಲ ಕುಗ್ಗಿದರೆ ಆಗುವುದು ಹೀಗೆ.

ಆ ರಾತ್ರಿ ನಗದಿದ್ದ ಹುಡುಗ

ಇಷ್ಟೇ ಆಗಿದ್ದರೆ ಇದೊಂದು ಸಿನಿಮಾ ವಿಮರ್ಶೆಯಾಗಿ ಮುಗಿಯುತ್ತಿತ್ತು. ಆದರೆ ಆ ರಾತ್ರಿ ಕೋಣೆಯ ಮೂಲೆಯಲ್ಲಿ ಒಬ್ಬ ಹುಡುಗ ನಗದೆ ಕೂತಿದ್ದ. ತಂಡದ ಜೊತೆ ಬಂದಿದ್ದ, ಆಡಲು ಬಂದಿರಲಿಲ್ಲ. ನೀರಿನ ಬಾಟಲಿ, ಟವೆಲ್ ನೋಡಿಕೊಳ್ಳುತ್ತಿದ್ದ. ಎಡಗಾಲು ಮಡಚದೆ ನೀಡಿಕೊಂಡಿದ್ದ.

ಯಾಕಪ್ಪ, ಸಿನಿಮಾ ನೋಡ್ತಾ ಇಲ್ವಾ ಎಂದು ಕೇಳಿದೆವು. “ನೋಡಿದ್ರೆ ನಮ್ಮೂರಿನ ಶೂಟಿಂಗೇ ನೆಪ್ಪಾಯ್ತದೆ ಅಣ್ಣ” ಅಂದ.

ಅವನ ಊರಿಗೆ ಬೇರೊಂದು ಸಿನಿಮಾದವರು ಬಂದಿದ್ದರಂತೆ. ಎದುರಾಳಿ ತಂಡಕ್ಕೆ ಊರಿನ ಕಬಡ್ಡಿ ಹುಡುಗರೇ ಬೇಕೆಂದರು. ಎಲ್ಲರಿಗೂ ಖುಷಿ. ದಿನಕ್ಕೆ ಊಟ, ಬಟ್ಟೆ, ಚೂರು ಕಾಸು. ಮ್ಯಾಟ್ ತರಲಿಲ್ಲ. ಅಂಕಣವನ್ನು ಅಗೆದು ಮಣ್ಣು ಸಡಿಲ ಮಾಡಲೂ ಇಲ್ಲ, ಒಂದು ದಿನ ವ್ಯರ್ಥವಾಗುತ್ತದಲ್ಲ. ಒಂದೇ ಟ್ಯಾಕಲ್ ಒಂಬತ್ತು ಸಲ ಮಾಡಿಸಿದರು. ಕಬಡ್ಡಿ ಗೊತ್ತಿಲ್ಲದ ಹೀರೊ ಒಂಬತ್ತನೇ ಸಲ ಎಲ್ಲಿ ಬೀಳಬಾರದೋ ಅಲ್ಲಿ ಬಿದ್ದ, ಇವನ ಮೊಣಕಾಲಿನ ಮೇಲೆ.

ಲಿಗಮೆಂಟ್ ಹರಿಯಿತು. ಮ್ಯಾನೇಜರ್ ಎರಡು ಸಾವಿರ ಕೈಗಿಟ್ಟು, ಆಮೇಲೆ ಫೋನ್ ಮಾಡು ಎಂದರು. ಆಮೇಲೆ ಫೋನ್ ಎತ್ತಲಿಲ್ಲ. ಆಪರೇಷನ್ನಿಗೆ ಮನೆಯವರು ಹಸು ಮಾರಿದರು. ಆ ವರ್ಷ ಅವನು ಕ್ರೀಡಾ ಕೋಟಾದ ಕೆಲಸಕ್ಕೆ ಆಯ್ಕೆಗೆ ಹೋಗಬೇಕಿತ್ತು. ಹೋಗಲು ಆಗಲಿಲ್ಲ.

ಆ ಸಿನಿಮಾ ಯಾವುದು, ಮಾಡಿದವರು ಯಾರು ಎಂದು ಬರೆಯುವುದು ಅವನಿಗೆ ಇಷ್ಟವಿಲ್ಲ. ನಾವೂ ಬರೆಯುವುದಿಲ್ಲ. ಆದರೆ ಲೆಕ್ಕ ಮಾತ್ರ ನೋಡಿ. ನಿರ್ಮಾಪಕರು ಉಳಿಸಿದ್ದು ಮ್ಯಾಟಿನ ಬಾಡಿಗೆ, ವಿಮೆಯ ಕಂತು, ಹೀರೊನ ಅಭ್ಯಾಸದ ಖರ್ಚು. ಆ ಉಳಿತಾಯದ ಬೆಲೆ ಕಟ್ಟಿದ್ದು ಒಂದು ಹಸು, ಒಂದು ಮೊಣಕಾಲು, ಒಂದು ಸರ್ಕಾರಿ ಕೆಲಸದ ಆಸೆ. ಹಳ್ಳಿಯ ಹುಡುಗನಿಗೆ ಕಬಡ್ಡಿ ಎಂದರೆ ಬರೀ ಆಟವಲ್ಲ. ಪೊಲೀಸ್, ರೈಲ್ವೆಯಂಥ ಕಡೆ ಕ್ರೀಡಾ ಕೋಟಾದಲ್ಲಿ ಸೇರಲು ಅವನಿಗಿರುವ ಒಂದೇ ಬಾಗಿಲು ಅದು. ಆ ಬಾಗಿಲು ಮೊಣಕಾಲಿನ ಮೇಲೆ ನಿಂತಿದೆ.

ದುಡ್ಡಿದ್ದವರೆಲ್ಲ ಸುರಕ್ಷಿತವಾಗಿ ಮಾಡುತ್ತಾರೆ ಎಂದು ನಾವು ಹೇಳುತ್ತಿಲ್ಲ. 2016ರ ನವೆಂಬರಿನಲ್ಲಿ ‘ಮಾಸ್ತಿ ಗುಡಿ’ ಚಿತ್ರೀಕರಣದ ವೇಳೆ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಇಬ್ಬರು ನಟರು ಮುಳುಗಿ ಸತ್ತದ್ದನ್ನು ಯಾರೂ ಮರೆತಿಲ್ಲ. ಅದು ಚಿಲ್ಲರೆ ಬಜೆಟ್ಟಿನ ಸಿನಿಮಾ ಆಗಿರಲಿಲ್ಲ. ಅಜಾಗ್ರತೆ ಎಲ್ಲ ಕಡೆ ಇದೆ. ಕೈಯಲ್ಲಿ ಕಾಸಿಲ್ಲದಾಗ ಅದಕ್ಕೆ ‘ಏನು ಮಾಡೋದು, ಬಜೆಟ್ ಇಲ್ಲ’ ಎಂಬ ನೆಪ ಸುಲಭವಾಗಿ ಸಿಗುತ್ತದೆ.

ಸಣ್ಣವರನ್ನು ಯಾಕೆ ಬೈತೀರಿ?

ಈ ಬರಹದ ಕರಡು ಓದಿದ ನಮ್ಮ ಗೆಳೆಯನೊಬ್ಬ, ಸಹಾಯಕ ನಿರ್ದೇಶಕ, ಸಿಟ್ಟಾದ. “ದೊಡ್ಡ ಹೀರೊಗಳು ಹಳ್ಳಿಯ ಕಥೆ ಮಾಡಲ್ಲ. ಮಾಡೋ ನಮಗೆ ಯಾರೂ ದುಡ್ಡು ಹಾಕಲ್ಲ. ನೀವೂ ಹೀಗೆ ಬರೆದ್ರೆ ನಾವು ಎಲ್ಲಿಗೆ ಹೋಗೋಣ?” ಅಂದ.

ಅವನ ಮಾತಿನಲ್ಲಿ ನಿಜವಿದೆ. ಆಲೆಮನೆಯ ಹುಡುಗನ ಕಥೆ ಬರುವುದು ಇಂಥವರ ತಲೆಯಿಂದಲೇ. ಸಾಲ ಮಾಡಿ, ಮನೆ ಅಡ ಇಟ್ಟು ಸಿನಿಮಾ ಮಾಡುವವರನ್ನು ಗೇಲಿ ಮಾಡುವುದು ನಮಗೆ ಬೇಡ. ಅವನಿಗೆ ನಾವು ಹೇಳಿದ್ದು ಇದು: ದುಡ್ಡು ಚಿಕ್ಕದಾದರೆ ಪಂದ್ಯವನ್ನು ಚಿಕ್ಕದು ಮಾಡು, ಆಟವನ್ನು ಚಿಕ್ಕದು ಮಾಡಬೇಡ.

ಐದು ಪಂದ್ಯ ಯಾಕೆ? ಒಂದೇ ಪಂದ್ಯ ಸಾಕು, ಅದರ ಹತ್ತು ರೈಡ್ ಸರಿಯಾಗಿ ಬರಲಿ. ರಾಜ್ಯ ಮಟ್ಟದ ಫೈನಲ್ ಯಾಕೆ? ಎರಡು ಊರಿನ ನಡುವಿನ ಹಬ್ಬದ ಪಂದ್ಯದಲ್ಲಿ ಮಾನ ಪಣಕ್ಕಿಲ್ಲವೇ? ಅದಕ್ಕೆ 200 ಜನ ಸೇರಿದರೂ ಕಿಕ್ಕಿರಿದ ಹಾಗೆ ಕಾಣುತ್ತದೆ. ಹೊನಲು ಬೆಳಕಿನಲ್ಲಿ ನಾಲ್ಕು ಸಾಲು ಜನರ ಹಿಂದೆ ಕತ್ತಲೆ, ಉಳಿದವರನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ನಡೆಯುತ್ತಿರುವ ನಿಜವಾದ ಪಂದ್ಯಾವಳಿಯ ಜನರನ್ನು ಆಯೋಜಕರ ಒಪ್ಪಿಗೆ ಪಡೆದು ಚಿತ್ರೀಕರಿಸಬಹುದು. ಎರಡು ಹಾಡು ಬಿಟ್ಟರೆ ಮ್ಯಾಟ್ ಬರುತ್ತದೆ.

ಇನ್ನೊಂದು ಮಾತು. ನಟನಿಗೆ ಕಬಡ್ಡಿ ಕಲಿಸುವುದಕ್ಕೆ ಬದಲು ಕಬಡ್ಡಿ ಆಡುವವನಿಗೆ ನಟನೆ ಕಲಿಸಬಾರದೇಕೆ? 2016ರಲ್ಲಿ ಬಂದ ‘ಇರುದಿ ಸುಟ್ರು’ ತಮಿಳು ಚಿತ್ರದಲ್ಲಿ ನಿರ್ದೇಶಕಿ ಸುಧಾ ಕೊಂಗರ ನಿಜವಾದ ಕಿಕ್ ಬಾಕ್ಸರ್ ರಿತಿಕಾ ಸಿಂಗ್ ಅವರನ್ನೇ ನಾಯಕಿ ಮಾಡಿದರು. ಅವರ ನಟನೆಯನ್ನು ರಾಷ್ಟ್ರ ಪ್ರಶಸ್ತಿಯ ತೀರ್ಪುಗಾರರೂ ಗುರುತಿಸಿದರು. ಅಷ್ಟು ದೂರ ಯಾಕೆ, ನಮ್ಮ ಮಂಡ್ಯದ ನೊದೆಕೊಪ್ಪಲಿನಲ್ಲಿ ಆದ ‘ತಿಥಿ’ಯನ್ನು ನೋಡಿ. ಅದರಲ್ಲಿ ನಟಿಸಿದವರು ಸಿನಿಮಾ ನಟರಲ್ಲ, ಊರಿನ ಜನ. 2015ರಲ್ಲಿ ಅದು ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಗಡ್ಡಪ್ಪ, ಸೆಂಚುರಿ ಗೌಡ ತೆರೆಯ ಮೇಲೆ ಅಷ್ಟು ನಿಜವಾಗಿ ಬರಬಹುದಾದರೆ, ನಮ್ಮ ಕಬಡ್ಡಿ ತಂಡದ ಒಬ್ಬ ರೈಡರ್ ಬರಲಾರನೇ?

ಸರ್ಕಾರಕ್ಕೂ ಒಂದು ಮಾತು. ಆಯ್ದ ಕನ್ನಡ ಚಿತ್ರಗಳಿಗೆ ಸಹಾಯಧನ ಸಿಗುತ್ತದೆ. ಕ್ರೀಡೆ, ಸಾಹಸದ ದೃಶ್ಯಗಳಿರುವ ಚಿತ್ರಕ್ಕೆ ಅದನ್ನು ಕೊಡುವಾಗ, ಗಾಯಗೊಂಡವರಿಗೆ ವಿಮೆ ಇತ್ತೇ ಎಂಬ ಒಂದು ಕಾಗದ ಕೇಳಿದರೆ ಸಾಕು. ಅರ್ಧ ತೊಂದರೆ ಅಲ್ಲೇ ಕಡಿಮೆಯಾಗುತ್ತದೆ.

ನಿಮ್ಮ ಊರಿಗೆ ಶೂಟಿಂಗ್ ಬಂದರೆ

ಕೊನೆಯ ಮಾತು ಓದುವ ನಿಮಗೆ. ನಾಳೆ ನಿಮ್ಮ ಊರಿಗೂ ಒಂದು ಸಿನಿಮಾ ತಂಡ ಬರಬಹುದು. ಬರಲಿ, ಸಂತೋಷದಿಂದ ಜಾಗ ಕೊಡಿ. ಆದರೆ ಹುಡುಗರನ್ನು ಅಂಕಣಕ್ಕೆ ಇಳಿಸುವ ಮೊದಲು ಇವುಗಳನ್ನು ಕೇಳಿ:

ಆಡುವ ಹುಡುಗರ ಹೆಸರಿನಲ್ಲಿ ಚಿತ್ರೀಕರಣದ ದಿನಗಳಿಗೆ ಅಪಘಾತ ವಿಮೆ ಮಾಡಿಸಿದ್ದಾರೆಯೇ? ಅದರ ಕಾಗದ ತೋರಿಸಲಿ.

ಮ್ಯಾಟ್ ಇದೆಯೇ, ಇಲ್ಲವಾದರೆ ಅಂಕಣದ ಮಣ್ಣು ಸಡಿಲ ಮಾಡಿ ಕಲ್ಲು ಆರಿಸಿದ್ದಾರೆಯೇ?

ಗಾಯವಾದರೆ ಆಸ್ಪತ್ರೆಗೆ ಕರೆದೊಯ್ಯಲು ವಾಹನ ಅಲ್ಲೇ ನಿಂತಿರುತ್ತದೆಯೇ, ಬಿಲ್ ಯಾರು ಕಟ್ಟುತ್ತಾರೆ? ಇದನ್ನು ಬರವಣಿಗೆಯಲ್ಲಿ ಕೊಡಲಿ, ಕೆಳಗೆ ಹೆಸರು, ವಿಳಾಸ, ಸಹಿ ಇರಲಿ.

ಆಡುವವನಿಗೂ ದೂರದಲ್ಲಿ ಕೂತು ಚಪ್ಪಾಳೆ ತಟ್ಟುವವನಿಗೂ ಒಂದೇ ಕೂಲಿಯೇ? ಇಬ್ಬರ ಕೆಲಸ ಒಂದೇ ಅಲ್ಲ.

ಹೀರೊಗೆ ಆಟ ಬರುತ್ತದೆಯೇ? ಬರದಿದ್ದರೆ ಮೊದಲು ಒಂದು ವಾರ ನಿಮ್ಮ ಹುಡುಗರ ಜೊತೆ ಅಭ್ಯಾಸ ಮಾಡಲಿ. ಅದು ಅವನಿಗೂ ಒಳ್ಳೆಯದು, ನಿಮ್ಮ ಮೊಣಕಾಲಿಗೂ ಒಳ್ಳೆಯದು, ಸಿನಿಮಾಕ್ಕೂ ಒಳ್ಳೆಯದು.

ಮಳೆ ಬಂದ ಮರುದಿನ ಸಂಜೆ ಅಂಕಣ ಒಣಗಿತು. ಪಂದ್ಯ ನಡೆಯಿತು. ಫೈನಲ್ ಮುಗಿದಾಗ ರಾತ್ರಿ ಒಂದೂವರೆ. ಕೊನೆಯ ರೈಡಿಗೆ ಇಡೀ ಊರು ಉಸಿರು ಹಿಡಿದು ನಿಂತಿತ್ತು, ಯಾರ ಕೈಯಲ್ಲೂ ಮೊಬೈಲ್ ಮೇಲೇಳಲಿಲ್ಲ. ನೀರಿನ ಬಾಟಲಿ ಹಿಡಿದಿದ್ದ ಆ ಹುಡುಗ ಕುಂಟುತ್ತಲೇ ಗೆರೆಯ ಪಕ್ಕ ಓಡಾಡಿ ಕೂಗುತ್ತಿದ್ದ.

ಆ ಅರ್ಧ ನಿಮಿಷವನ್ನು ಹಿಡಿಯಬಲ್ಲ ಸಿನಿಮಾ ಯಾರಾದರೂ ಮಾಡಲಿ. ಕಡಿಮೆ ದುಡ್ಡಿನಲ್ಲೇ ಮಾಡಲಿ. ಮೊದಲ ಟಿಕೆಟ್ ನಾವೇ ತೆಗೆದುಕೊಳ್ಳುತ್ತೇವೆ.